ಕರೆಯದೆ ಬಂದ ಪಕ್ಕವಾದ್ಯ

ಮನೆ ಕಟ್ಟುವಾಗ ನಾವು ದಿಕ್ಕುಗಳ ಬಗ್ಗೆ ವಹಿಸುವ ಎಚ್ಚರ ಅಷ್ಟದಿಕ್ಪಾಲಕರಿಗೂ ಇರಲಿಕ್ಕಿಲ್ಲ. ದೇವರ ಮನೆ ಈಶಾನ್ಯಕ್ಕೆ, ಒಲೆ ಆಗ್ನೇಯಕ್ಕೆ, ಯಜಮಾನರ ಮಂಚ ನೈಋತ್ಯಕ್ಕೆ. ಸಂಪು ಎಲ್ಲಿ ತೋಡಬೇಕು, ಮೆಟ್ಟಿಲು ಯಾವ ಕಡೆ ತಿರುಗಬೇಕು, ಗತಿಸಿದ ಹಿರಿಯರ ಫೋಟೊ ಯಾವ ಗೋಡೆಗೆ, ಎಲ್ಲಕ್ಕೂ ಶಾಸ್ತ್ರವಿದೆ, ಶಾಸ್ತ್ರ ಹೇಳುವವರಿದ್ದಾರೆ, ಅವರಿಗೆ ಫೀಸೂ ಇದೆ. ಇಷ್ಟೆಲ್ಲ ಆದಮೇಲೂ ದಿಕ್ಕುದೆಸೆಯಿಲ್ಲದೆ ಉಳಿಯುವುದು ಹಾಡು ಕೇಳುವ ಸ್ಪೀಕರ್ ಒಂದೇ. ಸೋಫಾ, ದಿವಾನ, ಟೀಪಾಯಿ ಎಲ್ಲವೂ ತಂತಮ್ಮ ಜಾಗ ಹಿಡಿದು ಕುಳಿತ ಮೇಲೆ ಮಿಕ್ಕ ಸಂದಿಯಲ್ಲಿ ಅದು ತೂರಿಕೊಳ್ಳಬೇಕು. ಜೋಡಿಯಲ್ಲಿ ಒಂದು ಟೀವಿಯ ಪಕ್ಕ; ಇನ್ನೊಂದು, ವೈರು ಅಲ್ಲಿಯವರೆಗೆ ಮಾತ್ರ ಎಟುಕಿದ್ದರಿಂದ, ಚಪ್ಪಲಿ ಸ್ಟ್ಯಾಂಡಿನ ಮೇಲೆ. ಎರಡನ್ನೂ ಒಂದರ ಮೇಲೊಂದು ಪೇರಿಸಿ, ಫ್ರಿಜ್ಜಿನ ತಲೆಗೇರಿಸಿ, ಮೇಲೊಂದು ಪ್ಲಾಸ್ಟಿಕ್ ಹೂದಾನಿ ಇಟ್ಟದ್ದನ್ನೂ ನೋಡಿದ್ದೇನೆ. ಸ್ಥಿತಿವಂತರ ಮನೆಯಾದರೆ ಶೋಕೇಸಿನೊಳಗೆ, ಗಾಜಿನ ಬಾಗಿಲ ಹಿಂದೆ, ಚನ್ನಪಟ್ಟಣದ ಗೊಂಬೆಗಳ ಸಾಲಿನಲ್ಲಿ ಸ್ಥಾನ. ಅಂಥ ಒಂದು ಶೋಕೇಸಿನಲ್ಲಿ ತಂಜಾವೂರಿನ ತಲೆಯಾಡಿಸುವ ಗೊಂಬೆ ಮೃದಂಗದ ಎಡಗೈ ಬಿದ್ದಾಗಲೆಲ್ಲ ತಪ್ಪದೆ ತಲೆದೂಗುತ್ತಿತ್ತು. ಆ ಮನೆಯಲ್ಲಿ ಸಂಗೀತಕ್ಕೆ ಗಮನ ಕೊಡುತ್ತಿದ್ದುದು ಅದೊಂದೇ.

ನನ್ನ ಭಾವಮೈದುನನದು ಬೇರೆಯೇ ಸಿದ್ಧಾಂತ. ಶಬ್ದ ಸರಿಯಿಲ್ಲವೆಂದರೆ ಸ್ಪೀಕರ್ ಬದಲಿಸಬೇಕು. ಸ್ಪೀಕರ್ ಸರಿಯಿದ್ದರೆ ಆಂಪ್ಲಿಫೈಯರ್. ಅದೂ ಸರಿಯಿದ್ದರೆ ವೈರು. ಅವನು ಈಚೆಗೆ ತರಿಸಿದ ವೈರಿನ ಬೆಲೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಿಂದೆ ಒಂದು ಅಸೆಂಬಲ್ಡ್ ಸೆಟ್ಟೇ ಸಿಗುತ್ತಿತ್ತು, ಡೆಕ್ಕು, ಎರಡು ಸೌಂಡ್ ಬಾಕ್ಸು ಸಮೇತ. ಕೇಳಲು ಕರೆದ. ಹೋದೆ. ಎರಡಂತಸ್ತು ಎತ್ತರದ ಹಾಲು, ನೆಲಕ್ಕೆ ಮಾರ್ಬಲ್, ಒಂದು ಗೋಡೆಗೆ ಪೂರ್ತಿ ಗಾಜು, ಎದುರಿನ ಗೋಡೆಗೆ ಪಾಲಿಷ್ ಮಾಡಿದ ಗ್ರಾನೈಟು.

"ಭಾವ, ಈ ವೈರು ಹಾಕಿದ್ಮೇಲೆ ಒಂದು ಪರದೆ ಸರಿದ ಹಾಗಾಯ್ತು," ಅಂದ.

"ಸರಿದಿರೋದೇ ತೊಂದರೆ. ಮೊದಲು ಅದನ್ನ ಎಳಿ," ಅಂದು ಗಾಜಿನ ಗೋಡೆಯ ಪರದೆ ತೋರಿಸಿದೆ.

ಅವನಿಗೆ ಬೇಸರವಾಯಿತು. ಆದರೆ ಹಾಲಿನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಟರ್ರ್ ಎಂದು ಗಾಜಿಗೂ ಗ್ರಾನೈಟಿಗೂ ನಡುವೆ ಅದು ಓಡಾಡುವುದು ಮಗುವಿಗೂ ಕೇಳಿಸುವಂತಿತ್ತು. ಯಾವ ವೈರು ಅದನ್ನು ನಿಲ್ಲಿಸೀತು?

ಕಚೇರಿಯಲ್ಲಿ ಹಾಡುವವರು ಒಬ್ಬರು, ಪಕ್ಕವಾದ್ಯದವರು ಇಬ್ಬರೋ ಮೂವರೋ. ಅದೇ ಕಚೇರಿಯ ರೆಕಾರ್ಡಿಂಗನ್ನು ಮನೆಯಲ್ಲಿ ಹಾಕಿದರೆ ಇನ್ನೊಬ್ಬರು ಬಂದು ಸೇರಿಕೊಳ್ಳುತ್ತಾರೆ. ಅವರೇ ನಮ್ಮ ಕೋಣೆ. ಇವರನ್ನು ಯಾರೂ ಕರೆದಿಲ್ಲ, ಕವರಿನ ಮೇಲೆ ಹೆಸರಿಲ್ಲ, ಸಂಭಾವನೆ ಕೇಳುವುದಿಲ್ಲ. ಆದರೆ ವರ್ಣದಿಂದ ಮಂಗಳದವರೆಗೆ ಎಡೆಬಿಡದೆ ನುಡಿಸುತ್ತಾರೆ. ತನಿ ಆವರ್ತನದಲ್ಲಿ ಕೂಡ ಕೈಕಟ್ಟಿ ಕೂರುವುದಿಲ್ಲ. ಸ್ಪೀಕರಿನಿಂದ ಹೊರಟ ಶಬ್ದದಲ್ಲಿ ಒಂದು ಪಾಲು ನೇರ ಕಿವಿಗೆ ಬರುತ್ತದೆ. ಮಿಕ್ಕದ್ದು ನೆಲ, ಸೂರು, ನಾಲ್ಕು ಗೋಡೆ ಮುಟ್ಟಿ ಸುತ್ತುಬಳಸಿ ಬರುತ್ತದೆ. ಶಬ್ದ ಒಂದು ಮಿಲಿಸೆಕೆಂಡಿಗೆ ಒಂದಡಿಗಿಂತ ತುಸು ಹೆಚ್ಚು ಓಡುವುದರಿಂದ ಆರಡಿ ಸುತ್ತಿಬಂದದ್ದು ಐದಾರು ಮಿಲಿಸೆಕೆಂಡು ತಡ. ಇಷ್ಟು ಚಿಕ್ಕ ತಡವನ್ನು ಕಿವಿ ಪ್ರತಿಧ್ವನಿ ಎಂದು ಗುರುತಿಸುವುದೇ ಇಲ್ಲ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸಿಕೊಟ್ಟದ್ದು ಇದನ್ನು: ಮೊದಲ ಶಬ್ದದ ಬೆನ್ನಿಗೇ, ಸುಮಾರು 30 ಮಿಲಿಸೆಕೆಂಡಿನೊಳಗೆ ಬಂದ ನಕಲುಗಳನ್ನು ಮೆದುಳು ಮೊದಲಿನದರ ಖಾತೆಗೇ ಜಮಾ ಮಾಡಿ, ಎಲ್ಲವೂ ಆ ದಿಕ್ಕಿನಿಂದಲೇ ಬಂತೆಂದು ತೀರ್ಮಾನಿಸಿಬಿಡುತ್ತದೆ. ಅಂದರೆ ಕೋಣೆ ನುಡಿಸಿದ ಅಪಸ್ವರವೆಲ್ಲ ಹಾಡುವವರ ತಲೆಗೆ. ಕಂಠ ಮಂಕು, ಪಿಟೀಲು ಕರ್ಕಶ ಎಂದು ನಾವು ಸ್ಪೀಕರನ್ನು ಬೈದುಕೊಂಡು ಹೊಸದಕ್ಕೆ ದುಡ್ಡು ಹೊಂದಿಸುತ್ತೇವೆ.

ಈ ಪಕ್ಕವಾದ್ಯದವರ ಕೈ ಅತಿ ಜೋರಾಗುವುದು ಮಂದ್ರದಲ್ಲಿ. ಬೆಂಗಳೂರಿನ ಥರ್ಟಿ-ಫಾರ್ಟಿ ಸೈಟಿನ ಮನೆಗಳಲ್ಲಿ ಕೋಣೆಯೆಂದರೆ ಹತ್ತು-ಹತ್ತು, ಇಲ್ಲವೆ ಹತ್ತು-ಹನ್ನೆರಡು. ಎತ್ತರವೂ ಹತ್ತರ ಆಸುಪಾಸು. ಎದುರುಬದುರು ಗೋಡೆಗಳ ಅಂತರ ಯಾವ ಸ್ವರದ ಅಲೆಯ ಅರ್ಧದಷ್ಟಿರುತ್ತದೋ ಆ ಸ್ವರ ಅಲ್ಲಿ ಸಿಕ್ಕಿಕೊಂಡು, ಹೋಗಿ ಬಂದು, ಉಬ್ಬುತ್ತದೆ. 10 ಅಡಿಗೆ ಅದು ಸುಮಾರು 56 ಹರ್ಟ್ಸ್. 12 ಅಡಿಗೆ 47. ಉದ್ದ, ಅಗಲ, ಎತ್ತರ ಮೂರೂ ಹತ್ತೇ ಆಗಿದ್ದರೆ ಮೂರು ಜೊತೆಗಳೂ ಒಂದೇ ಸ್ವರವನ್ನು ಹಟ ಹಿಡಿದು ನುಡಿಸುತ್ತವೆ. ಚೌಕವಾದ ಕೋಣೆ ವಾಸ್ತುವಿಗೆ ಶ್ರೇಷ್ಠವಂತೆ. ಕಿವಿಗೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಆ ಉಬ್ಬರವಾದರೂ ಕೋಣೆ ತುಂಬ ಸಮನಾಗಿ ಹಂಚಿಹೋಗಿದ್ದರೆ ಹೇಗೋ ಸಹಿಸಬಹುದಿತ್ತು. ಗೋಡೆಯ ಪಕ್ಕ ಅದು ಪೂರ್ತಿ, ನಟ್ಟನಡುವೆ ಸೊನ್ನೆ. ನಮ್ಮ ಮನೆಯಲ್ಲಿ ಇದರಿಂದ ಹುಟ್ಟಿದ ವ್ಯಾಜ್ಯಕ್ಕೆ ಬಹಳ ಕಾಲ ತೀರ್ಪೇ ಆಗಲಿಲ್ಲ. ಅಮ್ಮ ಹಿಂದಿನ ಗೋಡೆಗೆ ಒರಗಿ ಮಂಚದ ಮೇಲೆ. ನನ್ನ ಕುರ್ಚಿ ಕೋಣೆಯ ಮಧ್ಯೆ.

"ಎದೆ ಗುದ್ದಿದ ಹಾಗಾಗುತ್ತೆ ಕಣೋ, ಸ್ವಲ್ಪ ಕಡಿಮೆ ಮಾಡೋ."

"ಇರೋದೇ ಕಡಿಮೆ ಅಮ್ಮ, ಎಡಗೈ ಕೇಳಿಸ್ತಾನೇ ಇಲ್ಲ," ಎಂದು ನಾನು ಬೇಸ್ ಇನ್ನಷ್ಟು ತಿರುಗಿಸುವುದು.

"ನಿನಗೆ ಕಿವಿ ತೋರಿಸಿಕೊಂಡು ಬಾ ಅಂತ ಹೇಳಿ ಎಷ್ಟು ದಿನ ಆಯ್ತು?"

ಇಬ್ಬರೂ ಹೇಳುತ್ತಿದ್ದುದು ನಿಜವೇ. ಒಂದೇ ಕೋಣೆಯಲ್ಲಿ, ಒಂದೇ ಕ್ಷಣದಲ್ಲಿ, ಒಂದೇ ಮೃದಂಗ. ಅಮ್ಮನಿಗೆ ಅದರ ಎಡ ಮುಖವೆಲ್ಲ, ನನಗೆ ಬಲ ಮುಖ ಮಾತ್ರ. ಕೋಣೆಯ ಉದ್ದದ ಶೇಕಡ 38ರಷ್ಟು ದೂರ ಗೋಡೆಯಿಂದ ಬಿಟ್ಟು ಕುಳಿತುಕೊಳ್ಳಬೇಕು ಎಂಬುದು ಈ ವಿಷಯ ಬಲ್ಲವರ ಅಂದಾಜು ಸೂತ್ರ. 12 ಅಡಿಯ ಕೋಣೆಯಲ್ಲಿ ಅದು ನಾಲ್ಕೂವರೆ ಅಡಿ. ಕುರ್ಚಿ ಒಂದೂವರೆ ಅಡಿ ಹಿಂದೆ ಸರಿಯಿತು. ನನ್ನ ಪಾಲಿನ ಎಡಗೈ ಮರಳಿ ಬಂತು. ಖರ್ಚು, ನೆಲದ ಮೇಲೆ ಬಿದ್ದ ಒಂದು ಗೀರು. ಅಮ್ಮನ ಮಂಚವನ್ನೂ ಮುಂದೆ ಎಳೆಯೋಣವೇ ಎಂದದ್ದಕ್ಕೆ, "ಒರಗಿಕೊಳ್ಳೋದಕ್ಕೆ ನಿನ್ನ ಬೆನ್ನು ಕೊಡ್ತೀಯಾ?" ಎಂಬ ಉತ್ತರ ಬಂದದ್ದರಿಂದ ಸ್ಪೀಕರುಗಳೇ ಮೂಲೆ ಬಿಡಬೇಕಾಯಿತು. ಮೂಲೆಯಲ್ಲಿಟ್ಟ ಸ್ಪೀಕರು ಕೋಣೆಯ ಎಲ್ಲ ಉಬ್ಬರಗಳನ್ನೂ ಏಕಕಾಲಕ್ಕೆ ಬಡಿದೆಬ್ಬಿಸುತ್ತದೆ. ಅಂಗಡಿಯವರು ಮೂಲೆಯಲ್ಲಿಟ್ಟು "ನೋಡಿ ಸಾರ್, ಬೇಸ್ ಹೆಂಗಿದೆ" ಎನ್ನುವುದು ಅದಕ್ಕೇ. ಅಲ್ಲಿ ಮಾರಾಟವಾಗುವುದು ಅರ್ಧ ಸ್ಪೀಕರು, ಅರ್ಧ ಅಂಗಡಿಯ ಗೋಡೆ. ಗೋಡೆಯನ್ನು ಮನೆಗೆ ಕಳಿಸಿಕೊಡುವುದಿಲ್ಲ.

ಕೋಣೆ ಸ್ವರ ಹಿಡಿಯುತ್ತದೆಂಬ ಮಾತಲ್ಲಿ ನಂಬಿಕೆಯಿಲ್ಲದವರು ಬಚ್ಚಲುಮನೆಗೆ ಹೋಗಿ ಗುನುಗಬಹುದು. 4 ಅಡಿ ಅಗಲದ ಬಚ್ಚಲಿನ ಸ್ವಂತ ಸ್ವರ ಸುಮಾರು 140 ಹರ್ಟ್ಸ್. ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಒಂದರ ಷಡ್ಜಕ್ಕೆ ಬಲು ಹತ್ತಿರ. ಎಷ್ಟೋ ಗಂಡಸರು ಆಧಾರ ಷಡ್ಜವಾಗಿ ಹಿಡಿಯುವುದು ಆ ಜಾಗವನ್ನೇ. ಟೈಲ್ಸ್ ಹಾಕಿದ ಗೋಡೆ ಅದನ್ನು ಎತ್ತಿ ಹಿಡಿದು ಕೊಡುತ್ತದೆ. ತಂಬಿಗೆ ನೀರು ಸುರಿದುಕೊಳ್ಳುವಾಗ ಭೀಮಸೇನ ಜೋಶಿಯಾಗಿದ್ದವರು ಟವೆಲ್ ಸುತ್ತಿಕೊಂಡು ಹೊರಬರುತ್ತಲೇ ಮತ್ತೆ ಬ್ಯಾಂಕಿನ ಗುಮಾಸ್ತರಾಗುವುದರ ಗುಟ್ಟು ಇಷ್ಟೇ. ಇನ್ನು ಇದರ ಮಗ್ಗುಲಲ್ಲೇ ಒಂದು ತಮಾಷೆಯಿದೆ. ಸ್ಪೀಕರನ್ನು ಅದರ ಬೆನ್ನ ಹಿಂದಿನ ಗೋಡೆಯಿಂದ 2 ಅಡಿ ಮುಂದಿಟ್ಟರೆ, ಅದೇ 140 ಹರ್ಟ್ಸಿನ ಸ್ವರ ಹಿಂದೆ ಹೋಗಿ ಗೋಡೆ ಮುಟ್ಟಿ 4 ಅಡಿ ಹೆಚ್ಚು ನಡೆದು ಬರುವಷ್ಟರಲ್ಲಿ ಸರಿಯಾಗಿ ಅರ್ಧ ಅಲೆ ಹಿಂದೆ ಬಿದ್ದಿರುತ್ತದೆ. ನೇರ ಬಂದದ್ದು ಏರುವಾಗ ಇದು ಇಳಿಯುತ್ತದೆ; ಎರಡೂ ಹೊಡೆದಾಡಿಕೊಂಡು ಷಡ್ಜ ಬಡವಾಗುತ್ತದೆ. ಬಚ್ಚಲು ಪುಕ್ಕಟೆ ಕೊಟ್ಟ ಷಡ್ಜವನ್ನು ಹಾಲಿನ ಗೋಡೆ ತಿಂದುಹಾಕುತ್ತದೆ. ಹಾಗೆಂದು ಸ್ಪೀಕರನ್ನು ಗೋಡೆಗೆ ಒತ್ತಿದರೆ ಬೇಸ್ ಊದಿಕೊಳ್ಳುತ್ತದೆ, ಇನ್ನೂ ಮುಂದೆ ತಂದರೆ ಕಸ ಗುಡಿಸುವವರ ಶಾಪ. ಅಂಗುಲ ಅಂಗುಲ ಸರಿಸಿ, ಕೇಳಿ, ಮತ್ತೆ ಸರಿಸುವುದಲ್ಲದೆ ಇದಕ್ಕೆ ಪಂಚಾಂಗ ನೋಡಿ ಹೇಳುವ ಉಪಾಯವಿಲ್ಲ.

ಇಷ್ಟು ಕಸರತ್ತು ಯಾಕೆ ಎನ್ನುವವರಿಗೆ ನಾನು ಸಿ.ವಿ. ರಾಮನ್ ಅವರನ್ನು ಮುಂದೆ ಮಾಡುತ್ತೇನೆ. ಸಾಮಾನ್ಯವಾಗಿ ಚರ್ಮವಾದ್ಯ ಹುಟ್ಟಿಸುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಅದಕ್ಕೇ ಡೋಲಿಗೆ ಸದ್ದಿದೆ, ಶ್ರುತಿಯಿಲ್ಲ. ಮೃದಂಗ, ತಬಲಗಳ ನಡುವೆ ಮೆತ್ತಿದ ಕರಣೆಯ ಭಾರ ಆ ಸ್ವರಗಳನ್ನು ಸಾಲಾಗಿ, ತಂತಿವಾದ್ಯದಲ್ಲಿರುವಂತೆ, ಒಂದು ಎರಡು ಮೂರರ ಲೆಕ್ಕಕ್ಕೆ ತಂದು ಕೂರಿಸುತ್ತದೆ ಎಂದು ಅವರು 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನೂ ವಿಸ್ತಾರವಾಗಿ ಬರೆದರು. ಹೆಸರಿಲ್ಲದ ಕುಶಲಕರ್ಮಿಗಳು ತಲೆಮಾರುಗಟ್ಟಲೆ ತಿಕ್ಕಿ ತಿದ್ದಿ ಸಾಧಿಸಿದ ಲೆಕ್ಕ ಅದು. ವಿದ್ವಾಂಸರು ಕಚೇರಿಗೆ ಮುಂಚೆ ಎಡಕ್ಕೆ ರವೆಯ ಕಣಕ ಮೆತ್ತಿ, ತಟ್ಟಿ, ಕೊಂಚ ಕಿತ್ತು, ಮತ್ತೆ ತಟ್ಟಿ ಅರ್ಧ ಗಂಟೆ ಹೆಣಗುವುದೂ ಅದಕ್ಕೇ. ಅಷ್ಟೆಲ್ಲ ಆದದ್ದನ್ನು ನಮ್ಮ ಹತ್ತು-ಹತ್ತರ ಕೋಣೆ ಬಂದು ಎಲ್ಲ ಪೆಟ್ಟಿಗೂ ಒಂದೇ 'ಡಬ್' ಮಾಡಿ ಒಪ್ಪಿಸುವುದು ನ್ಯಾಯವೇ? ಈ ರಾಮನ್ನರೇ ವಿಜಯಪುರದ ಗೋಲಗುಂಬಜಿನ ಪಿಸುಮಾತಿನ ಮೊಗಸಾಲೆಯನ್ನೂ ಪರೀಕ್ಷಿಸಿದ್ದರು. 1656ರ ಆ ಗುಮ್ಮಟದಡಿ ಪಿಸುಗುಟ್ಟಿದ್ದು ಗೋಡೆಯನ್ನೇ ತಬ್ಬಿಕೊಂಡು ಆಚೆ ಬದಿಗೆ ಹೋಗಿ ಸ್ಪಷ್ಟವಾಗಿ ಕೇಳಿಸುತ್ತದೆ; ಕೂಗಿದರೆ ಮತ್ತೆ ಮತ್ತೆ ಮರುನುಡಿಯುತ್ತದೆ. ಶಾಲಾ ಪ್ರವಾಸದ ಮಕ್ಕಳಿಗೆ ಅದಕ್ಕಿಂತ ಸೊಗಸಾದ ಜಾಗವಿಲ್ಲ. ಅಲ್ಲಿ ಒಂದು ರಾಗ ವಿಸ್ತಾರ ಮಾಡಿ ನೋಡಿ. ಪ್ರತಿ ಸ್ವರವೂ ಹಿಂದಿನ ಐದಾರನ್ನು ಜೊತೆಗೆ ಕಟ್ಟಿಕೊಂಡೇ ಬರುತ್ತದೆ.

ಕೋಣೆಯ ಬಾಯಿ ಕಟ್ಟುವುದು ಹೇಗೆಂದು ಮೊದಲು ಲೆಕ್ಕ ಹಾಕಿದವರು ಅಮೆರಿಕದ ವ್ಯಾಲೇಸ್ ಸೇಬಿನ್. ಹಾರ್ವರ್ಡಿನಲ್ಲಿ ಹೊಸದಾಗಿ ಕಟ್ಟಿದ್ದ ಫಾಗ್ ಸಂಗ್ರಹಾಲಯದ ಉಪನ್ಯಾಸ ಭವನದಲ್ಲಿ ಯಾರು ಏನು ಮಾತಾಡಿದರೂ ಅರ್ಥವಾಗುತ್ತಿರಲಿಲ್ಲ. ಆಡಿದ ಶಬ್ದ ಐದೂವರೆ ಸೆಕೆಂಡು ಅಲ್ಲೇ ಸುಳಿದಾಡುತ್ತಿತ್ತು. 1895ರಲ್ಲಿ ಅದನ್ನು ಸರಿಪಡಿಸುವ ಕೆಲಸ ಭೌತಶಾಸ್ತ್ರದ ಈ ತರುಣ ಅಧ್ಯಾಪಕರ ತಲೆಗೆ ಬಿತ್ತು. ಅವರ ಉಪಕರಣ ಒಂದು ಆರ್ಗನ್ ಕೊಳವೆ, ಸಮಯ ಅಳೆಯುವ ಗಡಿಯಾರ, ತಮ್ಮ ಎರಡು ಕಿವಿ. ರಾತ್ರಿ ಊರು ಮಲಗಿದ ಮೇಲೆ ಹತ್ತಿರದ ಸ್ಯಾಂಡರ್ಸ್ ರಂಗಮಂದಿರದ ಸೀಟುಗಳ ಮೆತ್ತೆಗಳನ್ನು ಹೊರಿಸಿ ತಂದು ಹರಡುವುದು, ಕೊಳವೆ ಊದಿ ಶಬ್ದ ಎಷ್ಟು ಹೊತ್ತಿಗೆ ಸಾಯುತ್ತದೆಂದು ಅಳೆಯುವುದು, ಬೆಳಗಾಗುವುದರೊಳಗೆ ಎಲ್ಲವನ್ನೂ ವಾಪಸು ಜೋಡಿಸುವುದು. ಕೋಣೆ ದೊಡ್ಡದಾದಷ್ಟೂ ಶಬ್ದ ಹೆಚ್ಚು ಹೊತ್ತು ಉಳಿಯುತ್ತದೆ, ಹೀರುವ ವಸ್ತು ಹೆಚ್ಚಾದಷ್ಟೂ ಬೇಗ ಅಡಗುತ್ತದೆ ಎಂಬ ಸರಳ ಸೂತ್ರ ಕೊನೆಗೆ ಸಿಕ್ಕಿತು. ಅದರ ಬಲದ ಮೇಲೆ 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಇಂದಿಗೂ ಜಗತ್ತಿನ ಒಳ್ಳೆಯ ಸಂಗೀತ ಮಂದಿರಗಳಲ್ಲೊಂದು. ನನಗೆ ಅವರ ಸೂತ್ರಕ್ಕಿಂತ ಇಷ್ಟವಾದದ್ದು ಅವರ ಅಳತೆಗೋಲು. ಸೇರು, ಪಾವು, ಗಜ ಯಾವುದೂ ಅಲ್ಲ, ತೆರೆದ ಕಿಟಕಿ. ಅದರಿಂದ ಆಚೆ ಹೋದ ಶಬ್ದ ಹಿಂದಿರುಗುವುದಿಲ್ಲವಷ್ಟೆ. ಯಾವುದೇ ವಸ್ತುವಿನ ಹೀರುವ ಶಕ್ತಿ ಎಷ್ಟು ವಿಸ್ತೀರ್ಣದ ತೆರೆದ ಕಿಟಕಿಗೆ ಸಮ ಎಂದು ಅವರು ಹೇಳುತ್ತಿದ್ದರು.

ಈ ಲೆಕ್ಕದಲ್ಲಿ ನಮ್ಮ ತೊಟ್ಟಿ ಮನೆಗಳ ನಡುವಿನ ಅಂಗಳವೆಂದರೆ ಆಕಾಶಕ್ಕೆ ತೆರೆದ ಮಹಾ ಕಿಟಕಿ. ಸುತ್ತ ಜಗಲಿ, ಮಣ್ಣಿನ ಗೋಡೆ, ಮೇಲೆ ಮುಚ್ಚಿಗೆಯ ಹಲಗೆ. ಹಲಗೆ ಮಂದ್ರ ಸ್ವರಕ್ಕೆ ತುಸು ತಾನೂ ಮಿಡಿದು ಅದರ ಕೊಬ್ಬು ಇಳಿಸುತ್ತದೆ. ಸಿಮೆಂಟಿನ ತಾರಸಿಗೆ ಅಂಥ ದಾಕ್ಷಿಣ್ಯವಿಲ್ಲ. ಜಗಲಿಯಲ್ಲಿ ಕೂತು ಮೀಟಿದ ವೀಣೆ ಕೇಳಿದವರಿಗೆ ಗೊತ್ತು: ಸದ್ದು ಸಣ್ಣದು, ಆದರೆ ಗಮಕದ ಒಂದೊಂದು ಎಳೆಯೂ ಬಿಡಿಸಿಟ್ಟ ಹಾಗೆ. ಈಗ ಅಂಗಳ ಮುಚ್ಚಿ, ಗೋಡೆಗೆ ಪುಟ್ಟಿ ಬಳಿದು, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಹಾಸಿ, ಗೃಹಪ್ರವೇಶದ ದಿನ ಪುರೋಹಿತರ ಮಂತ್ರ ಎರಡೆರಡು ಸಲ ಕೇಳಿಸಿದಾಗ "ಏನು ಗಂಭೀರ!" ಎಂದು ಸಂತೋಷಪಡುತ್ತೇವೆ.

ತೊಟ್ಟಿ ಮನೆಯನ್ನು ಮತ್ತೆ ಕಟ್ಟಲಾಗದು. ಆದರೆ ಅದರೊಳಗಿದ್ದ ಸಾಮಾನು ಇನ್ನೂ ಅಟ್ಟದ ಮೇಲಿದೆ. ನೆಲಕ್ಕೊಂದು ಜಮಖಾನ ಹಾಸಿದರೆ ಸಾಕೆಂದು ಅನೇಕರು ತಿಳಿದಿದ್ದಾರೆ. ನವಲಗುಂದದ ಜಮಖಾನ ಕಣ್ಣಿಗೆ ಹಬ್ಬವೇ ಸರಿ, ಆದರೆ ತೆಳು ನೆಯ್ಗೆ ಹೀರುವುದು ತಾರಸ್ಥಾಯಿಯ ಚೂಪನ್ನು ಮಾತ್ರ. ಮಂದ್ರದ ಅಲೆಗಳು 20 ಅಡಿ ಉದ್ದದವು. ಕಾಲಿಂಚು ದಪ್ಪದ ಬಟ್ಟೆ ಅವಕ್ಕೆ ಲೆಕ್ಕಕ್ಕೇ ಇಲ್ಲ. ಬರೀ ಜಮಖಾನ, ತೆಳು ಪರದೆ ತುಂಬಿದ ಕೋಣೆಯಲ್ಲಿ ಹೊಳಪು ಹೋಗಿ ಗುಮ್ಮೆನ್ನುವುದಷ್ಟೇ ಉಳಿಯುತ್ತದೆ. ಹೀರಲು ದಪ್ಪ ಬೇಕು, ಗೋಡೆಗೂ ಬಟ್ಟೆಗೂ ನಡುವೆ ಒಂದಿಷ್ಟು ಗಾಳಿ ಬೇಕು. ಕುರುಬರು ನೇಯ್ದ ಕರಿ ಕಂಬಳಿಯನ್ನು ಎರಡು ಮಡಿಕೆ ಮಾಡಿ ಗೋಡೆಯಿಂದ ಗೇಣು ಮುಂದೆ ಇಳಿಬಿಟ್ಟರೆ ಜಮಖಾನ ಮಾಡಲಾರದ್ದನ್ನು ಮಾಡುತ್ತದೆ. ಇನ್ನೂ ಒಳ್ಳೆಯದು, ನೆಂಟರಿಗೆಂದು ಸುತ್ತಿಟ್ಟ ಹತ್ತಿ ಹಾಸಿಗೆ. ಸುರುಳಿಯನ್ನು ಹಾಗೇ ಸ್ಪೀಕರುಗಳ ಹಿಂದಿನ ಮೂಲೆಗಳಲ್ಲಿ ನಿಲ್ಲಿಸಿ, ಮೇಲೊಂದು ಹಳೇ ಸೀರೆ ಸುತ್ತಿ. ಇದನ್ನೇ ಫೋಮಿನಲ್ಲಿ ಮಾಡಿ 'ಬೇಸ್ ಟ್ರ್ಯಾಪ್' ಎಂದು ಕರೆದು ಮಾರುತ್ತಾರೆ. ಎಷ್ಟೋ ಫೋಮಿಗಿಂತ ಐದು ಕೆ.ಜಿ. ಹತ್ತಿ ಹೆಚ್ಚು ಪ್ರಾಮಾಣಿಕ. ತೀರಾ ತಳದ 56 ಹರ್ಟ್ಸನ್ನು ಅದೂ ಹಿಡಿಯಲಾರದು, ಅದಕ್ಕೆ ಕುರ್ಚಿ ಸರಿಸುವುದೇ ಮದ್ದು. ಆದರೆ ಅದರ ಮೇಲಿನ ಗುಂಯ್ಗುಡುವಿಕೆ ಖಂಡಿತ ತಗ್ಗುತ್ತದೆ. ದಸರೆಗೆ ನೆಂಟರು ಬಂದು ಹಾಸಿಗೆ ಬಿಚ್ಚಿದಾಗ ಬೇಸ್ ಕೆಡುವುದು ನಿಜ. ಮನುಷ್ಯದೇಹವೂ ಶಬ್ದ ಹೀರುತ್ತದೆಂದು ಸೇಬಿನ್ನರೇ ಹೇಳಿದ್ದಾರಾದ್ದರಿಂದ ನಷ್ಟ ಕೊಂಚ ಮಟ್ಟಿಗೆ ಭರ್ತಿಯಾಗುತ್ತದೆ. ಮೊಟ್ಟೆಯ ಟ್ರೇ ಅಂಟಿಸುವ ವಿಚಾರ ಯಾರಾದರೂ ತೆಗೆದರೆ ಮೊಟ್ಟೆ ತಿಂದು ಟ್ರೇ ಹಳೇ ಪೇಪರಿನವನಿಗೆ ಕೊಡಿ ಎಂದಷ್ಟೇ ಹೇಳಿ.

ಎಲ್ಲವನ್ನೂ ಹೀರಿಬಿಡುವುದೂ ಸಲ್ಲ. ಪಕ್ಕವಾದ್ಯದವರನ್ನು ಅಂಕೆಯಲ್ಲಿಡಬೇಕೇ ಹೊರತು ಎಬ್ಬಿಸಿ ಕಳಿಸಬಾರದು. ಪೂರ್ತಿ ಸತ್ತ ಕೋಣೆಯಲ್ಲಿ ಸಂಗೀತ ನಿರ್ಜೀವ. ಕುರ್ಚಿಯ ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಬಂದರೆ ಶಬ್ದ ಒಂದೇ ಕಡೆ ಮರಳದೆ ಚೆದುರುತ್ತದೆ. ಯಾವ ಆಳದ ಗೂಡುಗಳನ್ನು ಯಾವ ಕ್ರಮದಲ್ಲಿಟ್ಟರೆ ಚೆನ್ನಾಗಿ ಚೆದುರೀತೆಂದು ಮ್ಯಾನ್‌ಫ್ರೆಡ್ ಶ್ರೋಡರ್ 1970ರ ದಶಕದಲ್ಲಿ ಸಂಖ್ಯಾಸಿದ್ಧಾಂತದಿಂದ ಲೆಕ್ಕ ತೆಗೆದರು. ನಮ್ಮ ಕಪಾಟಿನಲ್ಲಿ ಪರಿಷತ್ತಿನ ನಿಘಂಟಿನ ಸಂಪುಟಗಳು ಮುಂದೆ ಚಾಚಿ, ಕವನ ಸಂಕಲನಗಳು ಒಳಗೆ ಅಡಗಿ, ಲೆಕ್ಕವಿಲ್ಲದೆಯೇ ಅದಕ್ಕೆ ಸಮೀಪದ ಕೆಲಸ ಮಾಡುತ್ತಿವೆ. ಓದದಿದ್ದರೂ ಪುಸ್ತಕ ಕೊಳ್ಳಲು ಇದೊಂದು ಗೌರವಯುತ ಕಾರಣ.

ಇನ್ನು ಎಡ-ಬಲದ ಮಾತು. ಇಂಗ್ಲೆಂಡಿನ ಎಂಜಿನಿಯರ್ ಆಲನ್ ಬ್ಲಮ್ಲೈನ್‌ಗೆ ಸಿನಿಮಾದಲ್ಲಿ ನಟ ಪರದೆಯ ಒಂದು ತುದಿಯಲ್ಲಿದ್ದರೆ ಮಾತು ಬೇರೆಲ್ಲಿಂದಲೋ ಬರುವುದು ಸರಿಕಾಣಲಿಲ್ಲವಂತೆ. 1931ರಲ್ಲಿ ಅವರು ಸ್ಟೀರಿಯೊಗೆ ಪೇಟೆಂಟ್ ಅರ್ಜಿ ಹಾಕಿದರು. ಎರಡೇ ಪೆಟ್ಟಿಗೆಯಿಂದ ನಡುವೆ ಒಬ್ಬ ಮನುಷ್ಯನನ್ನು ನಿಲ್ಲಿಸುವ ಈ ಕಣ್ಕಟ್ಟು, ಅಲ್ಲ, ಕಿವಿಕಟ್ಟು ಫಲಿಸಬೇಕಾದರೆ ಎರಡು ಸ್ಪೀಕರು, ಒಂದು ತಲೆ ಸಮಭುಜ ತ್ರಿಕೋನದಲ್ಲಿರಬೇಕು. ಟ್ವೀಟರು ಕಿವಿಯ ಮಟ್ಟಕ್ಕಿರಬೇಕು. ಚಕ್ಕಳಮಕ್ಕಳ ಹಾಕಿ ನೆಲದಲ್ಲಿ ಕೂರುವವರಿಗೂ ಸೋಫಾದವರಿಗೂ ಈ ಮಟ್ಟ ಬೇರೆ. ಸಿಮೆಂಟ್ ಬ್ಲಾಕ್ ಜೋಡಿಸಿ ಮೇಲೊಂದು ಕಡಪ ಕಲ್ಲು ಇಟ್ಟರೆ ಬೇಕಾದ ಎತ್ತರದ, ಅಲುಗದ ಪೀಠ. ತ್ರಿಕೋನ ಸರಿಯಿದೆಯೇ ಎಂದು ನೋಡಲು ಹಳೆಯ ಮೋನೊ ರೆಕಾರ್ಡಿಂಗಿಗಿಂತ ಒಳ್ಳೆಯ ಪರೀಕ್ಷೆಯಿಲ್ಲ. ಕಪ್ಪುಬಿಳುಪು ಕಾಲದ ಒಂದು ಪಿ.ಬಿ. ಶ್ರೀನಿವಾಸ್ ಹಾಡು ಹಾಕಿ ಕಣ್ಣು ಮುಚ್ಚಿ. ಎರಡೂ ಕಡೆ ಒಂದೇ ಶಬ್ದವಿರುವುದರಿಂದ ಅವರು ಪೆಟ್ಟಿಗೆಗಳ ನಟ್ಟನಡುವೆ, ಏನೂ ಇಲ್ಲದ ಜಾಗದಲ್ಲಿ, ನಿಂತು ಹಾಡಬೇಕು. ನೀವು ಒಂದು ಸ್ಪೀಕರಿಗೆ ಅಡಿಯಷ್ಟು ಹತ್ತಿರವಾದರೂ ಅವರು ಆ ಪೆಟ್ಟಿಗೆಯೊಳಕ್ಕೆ ಹೋಗಿಬಿಡುತ್ತಾರೆ. ನಡುವೆಯೇ ಕೂತಿದ್ದರೂ ಒಂದು ಕಡೆ ವಾಲಿದರೆ ಆ ಕಡೆಯ ಗೋಡೆಯ ಮೇಲೆ ಅನುಮಾನ ಪಡಬೇಕು.

ನಮ್ಮಲ್ಲಿ ಅವರು ಬಲಕ್ಕೆ ವಾಲಿದ್ದರು. ಪಕ್ಕದ ಗೋಡೆಯಲ್ಲಿ ಶಬ್ದ ಪುಟಿಯುವ ಜಾಗ ಹುಡುಕಲು ಕನ್ನಡಿ ಸಾಕು: ಒಬ್ಬರು ಅದನ್ನು ಗೋಡೆಗುಂಟ ಸರಿಸುತ್ತ ಹೋಗಬೇಕು, ಕುರ್ಚಿಯಲ್ಲಿ ಕೂತವರಿಗೆ ಅದರಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತದೋ ಅದೇ ಜಾಗ. ನನ್ನ ಹೆಂಡತಿ ಕನ್ನಡಿ ಹಿಡಿಯಲು ಎದ್ದವಳು, "ಕನ್ನಡಿ ಯಾಕ್ರೀ, ತಾತನ ಫೋಟೊ ಗಾಜಲ್ಲೇ ಕಾಣಿಸ್ತಿದೆಯಲ್ಲ," ಅಂದಳು. ನಿಜ. ತಾತನ ರುಮಾಲಿನ ಮೇಲೆ ವೂಫರ್ ದುಂಡಗೆ ಹೊಳೆಯುತ್ತಿತ್ತು. ಅಲ್ಲಿ ಕಂಬಳಿ ಇಳಿಬಿಡುವ ಪ್ರಸ್ತಾಪ ಬರುತ್ತಲೇ ಅಮ್ಮ ಎದ್ದು ಕೂತಳು. "ಅವರ ಮುಖಕ್ಕೆ ಕಂಬಳಿ ಹೊದಿಸ್ತೀಯೇನೋ?" ಫೋಟೊ ಬೇರೆ ಗೋಡೆಗೆ? ಪಿತೃಗಳಿಗೆ ದಕ್ಷಿಣವೇ ಆಗಬೇಕು, ಅದು ದಕ್ಷಿಣದ ಗೋಡೆ. ತಾತ ಕದಲಲಿಲ್ಲ. ಎರಡೂ ಸ್ಪೀಕರನ್ನು, ಕುರ್ಚಿಯನ್ನು, ಒಟ್ಟು ತ್ರಿಕೋನವನ್ನೇ ಒಂದಡಿ ಹಿಂದಕ್ಕೆ ಸರಿಸಿದೆವು. ಪುಟಿಯುವ ಜಾಗ ಫೋಟೊ ದಾಟಿ ಕಿಟಕಿಗೆ ಬಂತು. ಕಿಟಕಿ ತೆರೆದೆವು. ಸೊಳ್ಳೆಯ ಜಾಲರಿ ಶಬ್ದವನ್ನು ತಡೆಯುವುದಿಲ್ಲ. ಶ್ರೀನಿವಾಸ್ ನಡುವಿಗೆ ಬಂದು ನಿಂತರು.

ಆ ಕಿಟಕಿಯಿಂದಾಚೆ ಹೋದ ಶಬ್ದ ಹಿಂದಿರುಗುವುದಿಲ್ಲವೆಂದು ಸೇಬಿನ್ ಹೇಳಿದರೇ ಹೊರತು ಎಲ್ಲಿಗೆ ಹೋಗುತ್ತದೆಂದು ಹೇಳಲಿಲ್ಲ. ಅದು ಹೋಗುವುದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ವರಾಂಡಕ್ಕೆ. ಕಾಂಪೌಂಡಿನ ಬಳಿ ಸಿಕ್ಕಾಗ ಜಗಳಕ್ಕೆ ಸಿದ್ಧನಾಗಿಯೇ ನಿಂತೆ.

"ದಿನಾ ಸಂಜೆ ಕೇಳ್ತೀನಿ, ಸೊಗಸಾಗಿದೆ. ಆದರೆ ಅದೇನು, ಎಲ್ಲಾ ಕಚೇರಿಯಲ್ಲೂ ಪಿಟೀಲಿನವರದೇ ಜೋರು? ಮೃದಂಗದವರು ಅಷ್ಟಕ್ಕಷ್ಟೇ," ಅಂದರು.

ಅವರಿಗೆ ಸಿಗುತ್ತಿರುವುದು ಹೆಚ್ಚಾಗಿ ಬಲಗಡೆಯ ಸ್ಪೀಕರು, ಮೃದಂಗ ಇರುವುದು ಎಡಗಡೆ ಎಂದು ವಿವರಿಸಿದೆ. ಮೇಷ್ಟ್ರು ಯೋಚಿಸಿದರು. "ಹಾಗಾದರೆ ವಾರಕ್ಕೊಂದು ದಿನ ಅವರನ್ನೂ ಈ ಕಡೆ ಕೂರಿಸಿ," ಅಂದರು. ಭಾನುವಾರಗಳಂದು ಎಡಬಲದ ವೈರು ಅದಲುಬದಲು ಮಾಡುತ್ತೇನೆ. ಭಾವಮೈದುನನಿಗೆ ತಿಳಿಸಿಲ್ಲ, ತಿಳಿದರೆ ಮೇಷ್ಟ್ರ ಮನೆಗೂ ಒಂದು ಜೊತೆ ವೈರು ತರಿಸಿಕೊಟ್ಟಾನು.